ತುರಿಸುತ್ತಿದೆ ಅಂತ ಇನ್ನಷ್ಟು ಪುಡಿ ಸುರಿಯಬೇಡಿ

ಬೈಕಿನಿಂದ ಬಿದ್ದು ಮೊಣಕಾಲು ತರಚಿಕೊಂಡವರು ಐದನೇ ದಿನ ತೋರಿಸಲು ಬಂದರೆ ಗಾಯವೇ ಕಾಣುವುದಿಲ್ಲ. ಮೇಲೆ ಸುರಿದ ಆಂಟಿಬಯೋಟಿಕ್ ಬಿಳಿ ಪುಡಿ ರಸಿಕೆಯಲ್ಲಿ ನೆನೆದು, ಒಣಗಿ, ಗಾರೆಯಂತೆ ಕೂತಿರುತ್ತದೆ. ಅಡಿಯಲ್ಲಿ ಕೀವಿದ್ದರೂ ಗೊತ್ತಾಗದು. ಸಲೈನಿನಲ್ಲಿ ನೆನೆಸಿ, ಚೂರುಚೂರೇ ಬಿಡಿಸಬೇಕು.

ಆ ಪುಡಿಯಲ್ಲಿ, ಅದೇ ಬಗೆಯ ಮುಲಾಮಿನಲ್ಲಿ ಸಾಮಾನ್ಯವಾಗಿ ಮೂರು ಔಷಧಿ ಇರುತ್ತವೆ. ಬ್ಯಾಸಿಟ್ರಾಸಿನ್, ಪಾಲಿಮಿಕ್ಸಿನ್ ಬಿ ಎರಡೂ ಪೆಪ್ಟೈಡ್‌ಗಳು, ಅಂದರೆ ಪ್ರೋಟೀನಿನಂತೆ ಅಮೈನೋ ಆಮ್ಲ ಪೋಣಿಸಿದ ಕಿರು ಸರಗಳು. ನಿಯೋಮೈಸಿನ್ ಬೇರೆ ಕುಲದ್ದು. ಬ್ಯಾಸಿಟ್ರಾಸಿನ್ ಬ್ಯಾಕ್ಟೀರಿಯಾ ತನ್ನ ಗೋಡೆ ಕಟ್ಟಿಕೊಳ್ಳದಂತೆ ತಡೆಯುತ್ತದೆ. ಸ್ಟೆಫೈಲೋಕಾಕಸ್, ಸ್ಟ್ರೆಪ್ಟೋಕಾಕಸ್ ಎಂಬ ಬ್ಯಾಕ್ಟೀರಿಯಾಗಳು ಇದರ ಗುರಿ. ಪಾಲಿಮಿಕ್ಸಿನ್ ಸ್ಯೂಡೋಮೊನಾಸ್‌ನಂಥ ಬ್ಯಾಕ್ಟೀರಿಯಾಗಳ ಹೊರಪೊರೆ ಹರಿಯುತ್ತದೆ, ಸ್ಟೆಫೈಲೋಕಾಕಸ್‌ನ ಕೂದಲೂ ಕೊಂಕಿಸದು. ಅದಕ್ಕೇ ಜೋಡಿ. ಈ ಪುಡಿಯಲ್ಲಿಲ್ಲದ ಇನ್ನೊಂದು ಪೆಪ್ಟೈಡ್ ಗ್ರಾಮಿಸಿಡಿನ್ ಕೆಲವು ಕಣ್ಣಿನ ಹನಿಗಳಲ್ಲಿ ಸಿಗುತ್ತದೆ. ರಕ್ತಕ್ಕಿಳಿದರೆ ಕೆಂಪು ಕಣಗಳನ್ನೇ ಒಡೆಯುವುದರಿಂದ ಹೊರಗಿನ ಬಳಕೆಗಷ್ಟೇ.

ಎಷ್ಟು ಹೇಳಿದರೂ ತಲೆಗೆ ಹೋಗದ್ದು ಒಂದೇ: ಗಾಯದ ಸುತ್ತ ಕೆಂಪಾದದ್ದೆಲ್ಲ ಸೋಂಕಲ್ಲ. ನೋವಿಗಿಂತ ತುರಿಕೆ ಹೆಚ್ಚಿದ್ದು, ಸಣ್ಣ ನೀರುಗುಳ್ಳೆ ಎದ್ದು, ಮುಲಾಮು ಸವರಿದಷ್ಟೇ ಜಾಗ ಕೆಂಪಾಗಿದ್ದರೆ ಮೊದಲು ಔಷಧಿಯ ಅಲರ್ಜಿಯನ್ನೇ ಅನುಮಾನಿಸಬೇಕು. ಸೋಂಕಾದರೆ ನೋವು, ಬಿಸಿ, ಊತ ಏರುತ್ತವೆ, ಕೀವು ಬರುತ್ತದೆ, ಕೆಂಪು ದಿನೇದಿನೇ ಹರಡುತ್ತದೆ. ಎರಡೂ ಒಟ್ಟಿಗೆ ಇರಬಹುದು, ಫೋಟೋ ನೋಡಿ ತೀರ್ಪು ಕೊಡಲಾಗದು. ಆದರೆ ತುರಿಸಿತೆಂದು ಇನ್ನಷ್ಟು ಪುಡಿ ಉದುರಿಸುವುದು ಉರಿಯುವ ಒಲೆಗೆ ಸೌದೆ ಇಟ್ಟಂತೆ. ಈ ಅಲರ್ಜಿಯಲ್ಲಿ ನಿಯೋಮೈಸಿನ್ ಹಳೆಯ ಆರೋಪಿ. ಬ್ಯಾಸಿಟ್ರಾಸಿನ್ ಕೂಡ ಸಾಧುವಲ್ಲ. ಒಂದು ಆಗದವರಿಗೆ ಇನ್ನೊಂದೂ ಆಗದಿರುವುದು ಅಪರೂಪವಲ್ಲ.

1996ರಲ್ಲಿ ಅಮೆರಿಕದಲ್ಲಿ ಸಣ್ಣ ಶಸ್ತ್ರಚಿಕಿತ್ಸೆಯಾದ 922 ಜನರ ಗಾಯಗಳಿಗೆ ಬ್ಯಾಸಿಟ್ರಾಸಿನ್ ಅಥವಾ ಬರೀ ಪೆಟ್ರೋಲಿಯಂ ಜೆಲ್ಲಿ ಹಚ್ಚಿ ನೋಡಿದರು. ಸೋಂಕಿನಲ್ಲಿ ಗಣನೀಯ ವ್ಯತ್ಯಾಸ ಸಿಗಲಿಲ್ಲ. ಅಲರ್ಜಿಯಾದ ನಾಲ್ವರೂ ಬ್ಯಾಸಿಟ್ರಾಸಿನ್ ಗುಂಪಿನವರು. ಅವು ಶುದ್ಧ ಗಾಯಗಳು, ರಸ್ತೆಯ ಮಣ್ಣು ಮೆತ್ತಿದವಲ್ಲ ಎಂಬುದೂ ನೆನಪಿರಲಿ.

ಹಾಗಾಗಿ ಮೊದಲು ನಲ್ಲಿಯ ಹರಿಯುವ ನೀರಲ್ಲಿ ಐದು ನಿಮಿಷವಾದರೂ ತೊಳೆಯಿರಿ, ಸುತ್ತಲಿನ ಚರ್ಮಕ್ಕೆ ಸೋಪು. ಉಜ್ಜದೆ, ಬಟ್ಟೆಯನ್ನು ಮೆಲ್ಲಗೆ ಒತ್ತಿ ನೀರು ಆರಿಸಿ. ಹಚ್ಚಲೇಬೇಕೆಂದರೆ ಪುಡಿಗಿಂತ ಮುಲಾಮು ಮೇಲು: ತೆಳುವಾಗಿ, ದಿನಕ್ಕೆ ಒಂದೆರಡು ಬಾರಿ, ಒಂದು ವಾರ ಮೀರದಂತೆ. ಮೇಲೆ ಅಂಟದ ಪಟ್ಟಿ. ಹತ್ತಿ ಬೇಡ, ಎಳೆ ಕಚ್ಚಿಕೊಳ್ಳುತ್ತದೆ. ಅಗಲವಾದ ಸುಟ್ಟಗಾಯಕ್ಕೆ ನೀವೇ ಬಳಿಯಬೇಡಿ. ರಕ್ತಕ್ಕೆ ಹೀರಿಕೊಂಡರೆ ನಿಯೋಮೈಸಿನ್, ಪಾಲಿಮಿಕ್ಸಿನ್ ಎರಡೂ ಕಿಡ್ನಿಗೆ ಪೆಟ್ಟು ಕೊಡಬಲ್ಲವು. ಸಕ್ಕರೆ ಕಾಯಿಲೆಯವರ ಪಾದದ ಹುಣ್ಣು, ನಾಯಿ ಕಚ್ಚಿದ ಗಾಯ ಟ್ಯೂಬಿನಲ್ಲಿ ಮುಗಿಯುವ ಕೆಲಸವಲ್ಲ.

ಅಲರ್ಜಿ ಎಂದು ಗೊತ್ತಾದವರು ಡಬ್ಬಿಯನ್ನು ಎಸೆಯಬೇಡಿ, ಡಾಕ್ಟರಿಗೆ ತೋರಿಸಿ. ಹೆಸರು ಬೇರೆ ಇರುವ ಇನ್ನೊಂದು ಟ್ಯೂಬಿನಲ್ಲೂ ಇವೇ ಮೂರು ಇರಬಹುದು.