ಎದ್ದ ಮೇಲೆ ಮೊದಲ ಕವಳ ಎಷ್ಟು ಹೊತ್ತಿಗೆ?

ಬಾಯಿ ಉರಿ ಎಂದು ಹಲ್ಲಿನ ಡಾಕ್ಟರ ಬಳಿ ಹೋಗಿದ್ದ ಹಿರಿಯರೊಬ್ಬರನ್ನು ಆ ಡಾಕ್ಟರು, ತಂಬಾಕು ಬಿಡುವವರಿಗೆ ನೆರವಾಗುವ ನನ್ನ ಬಳಿ ಕಳಿಸಿದ್ದರು. ಶಿರಸಿ ಕಡೆಯ ಅಡಿಕೆ ತೋಟದವರು. ತಂಬಾಕಿನ ಅಭ್ಯಾಸ ಇದೆಯೇ ಎಂದು ಕೇಳಿದೆ. "ಎಂಗೆ ಚಟ ಎಂತದೂ ಇಲ್ಲೆ ತಂಗೀ. ಬೀಡಿ ಮುಟ್ಟಿದವ ಅಲ್ಲ. ಕವಳ ಒಂದೇಯ," ಎಂದರು.

ಅವರು ಸುಳ್ಳು ಹೇಳಿರಲಿಲ್ಲ. ನಮ್ಮ ಕಡೆ ಕವಳವನ್ನು, ಅಂದರೆ ಎಲೆ ಅಡಿಕೆ ಹಾಕುವುದನ್ನು, ಚಟ ಎಂದು ಯಾರು ಕರೆಯುತ್ತಾರೆ? ಬಂದವರಿಗೆ ಆಸರಿ (ಕುಡಿಯಲು ಏನಾದರೂ) ಕೊಟ್ಟು ಕವಳದ ಬಟ್ಟಲು ಮುಂದಿಡುವುದು ಮರ್ಯಾದೆ. ಎಲೆ, ಅಡಿಕೆ, ಸುಣ್ಣದ ಪಕ್ಕದಲ್ಲಿ ತಂಬಾಕಿನ ಎಸಳೂ ಆ ಮರ್ಯಾದೆಯಲ್ಲೇ ಕೂತಿರುತ್ತದೆ. ಹಾಗಾಗಿ ದಿನಕ್ಕೆ ಎಷ್ಟು ಎಂದು ನಾನು ಕೇಳಲಿಲ್ಲ. ಎದ್ದ ಮೇಲೆ ಮೊದಲನೆಯದು ಎಷ್ಟು ಹೊತ್ತಿಗೆ ಎಂದು ಕೇಳಿದೆ. ಸ್ವಲ್ಪ ಯೋಚಿಸಿದರು. "ಬಚ್ಚಲೊಲೆಗೆ ಬೆಂಕಿ ಹಾಕೂ ಮೊದಲೇ ಒಂದು ಆಗ್ತು." ಹೇಳಿದ ಮೇಲೆ ತಾವೇ ಸುಮ್ಮನಾದರು.

ಈ ಪ್ರಶ್ನೆ ಬಂದದ್ದು ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಕಾರ್ಲ್ ಫಾಗರ್‌ಸ್ಟ್ರಾಮ್ ಅವರು 1978ರಲ್ಲಿ ಪ್ರಕಟಿಸಿದ ಪ್ರಶ್ನಾವಳಿಯಿಂದ. ಆಗ ಸಿಗರೇಟು ಸೇದುವುದನ್ನು ರೋಗವೆಂದು ನೋಡುವವರು ಕಡಿಮೆ. ಅಮೆರಿಕ ಸರ್ಕಾರದ ಮುಖ್ಯ ಆರೋಗ್ಯಾಧಿಕಾರಿಯಾದ ಸರ್ಜನ್ ಜನರಲ್ ಅವರ ವರದಿ 1964ರಲ್ಲಿ ಅದನ್ನು ಅಭ್ಯಾಸ ಎಂದಷ್ಟೇ ಕರೆದಿತ್ತು. ವ್ಯಸನ ಎಂದು ಒಪ್ಪಿಕೊಳ್ಳಲು 1988ರ ವರದಿಯೇ ಬರಬೇಕಾಯಿತು. ಪ್ರಶ್ನೆಯ ಹಿಂದಿನ ಲೆಕ್ಕ ಸರಳ. ತಂಬಾಕಿನಲ್ಲಿ ಚಟ ಹಿಡಿಸುವ ನಿಕೋಟಿನ್ ರಕ್ತದಲ್ಲಿ ಸುಮಾರು ಎರಡು ಗಂಟೆಗೊಮ್ಮೆ ಅರ್ಧಕ್ಕಿಳಿಯುತ್ತದೆ. ರಾತ್ರಿಯೆಲ್ಲ ಮಲಗಿ ಎದ್ದಾಗ ಬಹುಪಾಲು ಖಾಲಿ. ಆ ಖಾಲಿಯನ್ನು ಮಿದುಳು ಎಷ್ಟು ಹೊತ್ತು ತಡೆದುಕೊಳ್ಳುತ್ತದೆ ಎನ್ನುವುದರಲ್ಲೇ ಅವಲಂಬನೆಯ ಆಳ ತಿಳಿಯುತ್ತದೆ. 1991ರಲ್ಲಿ ಪರಿಷ್ಕರಿಸಿದ ಆರು ಪ್ರಶ್ನೆಗಳ, ಹತ್ತು ಅಂಕದ ಪರೀಕ್ಷೆಯಲ್ಲಿ ಎದ್ದ ಐದು ನಿಮಿಷದೊಳಗೆ ಸೇದುವವರಿಗೆ ಈ ಒಂದು ಪ್ರಶ್ನೆಗೇ ಮೂರು ಅಂಕ.

ಫಾಗರ್‌ಸ್ಟ್ರಾಮ್ ಅವರ ಮೇಲೆ ನನಗೆ ಹೆಚ್ಚು ಗೌರವ ಹುಟ್ಟಿದ್ದು 2012ರ ಅವರ ಲೇಖನದಿಂದ. ಲೋಕವೆಲ್ಲ ಬಳಸುತ್ತಿದ್ದ ತಮ್ಮ ಪರೀಕ್ಷೆಯ ಹೆಸರಿನಿಂದ 'ನಿಕೋಟಿನ್' ಎಂಬ ಮಾತನ್ನು ತೆಗೆದು 'ಸಿಗರೇಟು ಅವಲಂಬನೆ' ಎಂದು ಅವರೇ ತಿದ್ದಿದರು. ಜನ ಅಂಟಿಕೊಂಡಿರುವುದು ನಿಕೋಟಿನ್ ಒಂದಕ್ಕೇ ಅಲ್ಲ, ರುಚಿ, ವಾಸನೆ, ಕೈಬಾಯಿಯ ರೂಢಿ ಎಲ್ಲ ಸೇರಿದ ಸಿಗರೇಟಿಗೆ ಎಂಬುದು ಅವರ ವಾದ. ಕವಳದ ಬಟ್ಟಲನ್ನು ನೋಡುತ್ತ ಬೆಳೆದ ನನಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ನಮ್ಮ ರಾಜ್ಯದಲ್ಲಿ ಜಗಿಯುವ ತಂಬಾಕಿನ ವಿಷಯ ಹೊಗೆಗಿಂತ ದೊಡ್ಡದು. 2016-17ರ ವಯಸ್ಕರ ತಂಬಾಕು ಸಮೀಕ್ಷೆಯಲ್ಲಿ ಕರ್ನಾಟಕದಲ್ಲಿ ಸೇದುವವರು ಶೇ 8.8, ಹೊಗೆಯಿಲ್ಲದ ತಂಬಾಕು ಬಳಸುವವರು ಶೇ 16.3. ಇನ್ನು ಸುಣ್ಣದ ಪಾತ್ರ. ಸುಣ್ಣ ಬಾಯಿಯನ್ನು ಕ್ಷಾರಗೊಳಿಸುತ್ತದೆ. ಕ್ಷಾರದಲ್ಲಿ ನಿಕೋಟಿನ್ ಕೆನ್ನೆಯ ಒಳಚರ್ಮ ದಾಟಿ ಬೇಗ ರಕ್ತಕ್ಕಿಳಿಯುತ್ತದೆ. ಸುಣ್ಣ ಹೆಚ್ಚಾದರೆ ನಾಲಿಗೆ ಸುಡುತ್ತದೆ, ಕಡಿಮೆಯಾದರೆ 'ಕವಳ ಹತ್ತಲಿಲ್ಲ' ಎನ್ನುತ್ತೇವಲ್ಲ, ಆ ಹತ್ತುವುದರಲ್ಲಿ ಈ ರಸಾಯನಶಾಸ್ತ್ರವೂ ಇದೆ.

ತಂಬಾಕು ಬಿಡಲು ಕೊಡುವ ನಿಕೋಟಿನ್ ಚೂಯಿಂಗ್ ಗಮ್ ಕೆಲಸ ಮಾಡುವುದೂ ಇದೇ ದಾರಿಯಲ್ಲಿ. ಅದರ ಹುಟ್ಟೂ ಸ್ವೀಡನ್ನಿನಲ್ಲೇ. ಜಲಾಂತರ್ಗಾಮಿಯಲ್ಲಿ ಸೇದುವಂತಿಲ್ಲದಾಗ ನಾವಿಕರು ಜಗಿಯುವ ತಂಬಾಕಿಗೆ ತಿರುಗುತ್ತಾರೆ ಎಂದು ತಿಳಿದ ಮೇಲೆ ಓವ್ ಫೆರ್ನೋ ಎಂಬ ಔಷಧ ವಿಜ್ಞಾನಿ ಅದರ ಹಿಂದೆ ಬಿದ್ದರು. ಕಾರವಾರದ ಬೈತಖೋಲದ ದೋಣಿಯವರೊಬ್ಬರಿಗೆ ಇದನ್ನು ಹೇಳಿದಾಗ ಅವರು, "ನಮ್ಮದೂ ಅದೇ ಮೇಡಂ, ಗಾಳಿಗೆ ಬೀಡಿ ನಿಲ್ಲೋದಿಲ್ಲ," ಎಂದಿದ್ದರು. ಆದರೆ ಕವಳದವರು ಗಮ್ಮನ್ನು ಕವಳದಂತೆಯೇ ಜಗಿಯುತ್ತಾರೆ, ರಸ ಉಗುಳುತ್ತಾರೆ. ನಿಕೋಟಿನ್ ಅಂಗಳಕ್ಕೆ ಹೋಗುತ್ತದೆ. ನುಂಗಿದರೆ ಬಿಕ್ಕಳಿಕೆ. ನಿಧಾನವಾಗಿ ಜಗಿದು, ಚುರುಚುರು ಅಂದೊಡನೆ ನಿಲ್ಲಿಸಿ, ಕೆನ್ನೆಯಲ್ಲಿ ಒತ್ತಿಟ್ಟುಕೊಳ್ಳಬೇಕು. ಗಮ್ ಹಾಕುವ ಮೊದಲಿನ ಕಾಲು ಗಂಟೆ ಚಹಾ ಕಾಫಿ ಬೇಡ, ಅವು ಬಾಯಿಯನ್ನು ಆಮ್ಲಗೊಳಿಸುತ್ತವೆ. 'ಗಮ್ ಕೆಲಸ ಮಾಡಲಿಲ್ಲ' ಎಂದು ಬಂದವರಿಗೆ ನಾನು ಮೊದಲು ಕೊಡುವುದು ಈ ಪಾಠ.

ನನ್ನದೊಂದು ತಪ್ಪನ್ನೂ ಇಲ್ಲಿ ಹೇಳಬೇಕು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ದೋಣಿ ದಡದಲ್ಲಿರುವ ಆ 61 ದಿನಗಳೇ ತಂಬಾಕು ಬಿಡಲು ಒಳ್ಳೆಯ ಕಾಲ ಎಂದು ನಂಬಿದ್ದೆ. ಬಿಟ್ಟಾಗಿನ ಸಿಡುಕು, ನಿದ್ದೆಗೇಡು ಮೊದಲ ಎರಡು ಮೂರು ದಿನ ಜೋರು, ಎರಡರಿಂದ ನಾಲ್ಕು ವಾರದಲ್ಲಿ ಇಳಿಯುತ್ತದೆ. ಲೆಕ್ಕ ಸರಿಯಾಗಿಯೇ ಇತ್ತು. ಬೈತಖೋಲದ ಅವರು ಜುಲೈಯಲ್ಲಿ ಪೂರ್ತಿ ಬಿಟ್ಟಿದ್ದರು. ಆಗಸ್ಟಿನ ಮೊದಲ ರಾತ್ರಿ ಬಲೆ ಬಿಟ್ಟು ಕೂತಾಗ ಪಕ್ಕದವರು ಕವಳದ ಸಂಚಿ ಬಿಚ್ಚಿದರು, ಇವರೂ ಕೈ ಚಾಚಿದರು. ದೇಹ ನಿಕೋಟಿನ್ ಮರೆತಿತ್ತು, ಆ ಕತ್ತಲೆ, ಡೀಸೆಲ್ ವಾಸನೆ, ಕಾಯುವ ಹೊತ್ತು ಮರೆತಿರಲಿಲ್ಲ. ದಡದಲ್ಲಿ ಕಲಿತದ್ದು ಕಡಲಿಗೆ ತಾನಾಗಿ ಹೋಗುವುದಿಲ್ಲ. ಈಗ ಜೂನ್‌ನಲ್ಲೇ ಆಗಸ್ಟಿನ ಆ ರಾತ್ರಿಯ ಬಗ್ಗೆ ಮಾತಾಡುತ್ತೇವೆ: ಜೇಬಿನಲ್ಲಿ ಏನಿರಬೇಕು, ಸಂಚಿ ಬಿಚ್ಚಿದವರಿಗೆ ಏನು ಹೇಳಬೇಕು.

ಅದಕ್ಕಿಂತ ನನ್ನನ್ನು ನೋಯಿಸಿದ್ದು ಆಮೇಲಿನ ಮೂರು ತಿಂಗಳು ಅವರು ಬರದೇ ಇದ್ದದ್ದು. 'ಹೇಗೂ ವ್ರತ ಕೆಟ್ಟಿತು' ಎಂಬ ನಾಚಿಕೆ. ಒಂದು ಸಲ ಜಾರುವುದು ಬೇರೆ, ಮರಳಿ ಬೀಳುವುದು ಬೇರೆ. ಮೊದಲನೆಯದನ್ನು ಎರಡನೆಯದಾಗಿಸುವುದು ಹೆಚ್ಚಾಗಿ ಈ ನಾಚಿಕೆಯೇ ಎಂದು ಅಮೆರಿಕದ ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಟ್ 1980ರ ದಶಕದಲ್ಲೇ ವಿವರಿಸಿದ್ದರು. ಓದಿ ಗೊತ್ತಿದ್ದೂ ನಾನು ಅವರಿಗೆ ಮೊದಲೇ ಹೇಳಿರಲಿಲ್ಲ. ಈಗ ಮೊದಲ ಭೇಟಿಯಲ್ಲೇ ಹೇಳುತ್ತೇನೆ: ಜಾರಿದ ಮರುದಿನವೇ ಫೋನ್ ಮಾಡಿ, ಬೈಯುವುದಿಲ್ಲ. ದೂರದ ಊರಿನವರಿಗೆ 1800-11-2356 ಉಚಿತ ಸಹಾಯವಾಣಿ ಇದೆ.

ಅಡಿಕೆಯ ಮಾತು ಈ ಊರಲ್ಲಿ ಹೇಳುವುದು ಸುಲಭವಲ್ಲ. ನಾನೂ ಅಡಿಕೆಯ ಅನ್ನ ಉಂಡು ಬೆಳೆದವಳು. ಆದರೂ ತಂಬಾಕಿಲ್ಲದ ಅಡಿಕೆಯೂ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದೆ. ಬಾಯಿಯಲ್ಲಿ ಮೂರು ಬೆರಳು ಒಂದರ ಮೇಲೊಂದು ಹಿಡಿಸದಿದ್ದರೆ ಕಾಯದೆ ಡಾಕ್ಟರಿಗೆ ತೋರಿಸಿ.

ಆ ಹಿರಿಯರ ಜೊತೆ ನಾವು ಆರಂಭಿಸಿದ್ದು ಬಟ್ಟಲಿನಿಂದ. ಮಂಚದ ಪಕ್ಕದಲ್ಲಿರುತ್ತಿದ್ದ ಅದನ್ನು ಅವರ ಹೆಂಡತಿ ಜಗಲಿಗೆ ಒಯ್ದರು. ಮೊದಲ ಕವಳ ಬಚ್ಚಲೊಲೆಯಿಂದ ಆಸರಿಗೆ, ಆಸರಿಯಿಂದ ತಿಂಡಿಯ ಆಚೆಗೆ ಸರಿಯಿತು. ಆರನೆಯ ವಾರ ತಂಬಾಕಿನ ಎಸಳು ಬಟ್ಟಲಿನಿಂದ ಹೋಯಿತು. ಎಲೆ ಅಡಿಕೆ ಇನ್ನೂ ಇದೆ. ಕಳೆದ ತಿಂಗಳು ಯಕ್ಷಗಾನ ನೋಡಲು ಹೋದಾಗ ಪಕ್ಕದವರ ತಂಬಾಕು ಒಂದು ಸಲ ಹಾಕಿದೆ ಎಂದು ಮರುದಿನ ಬೆಳಿಗ್ಗೆಯೇ ಫೋನ್ ಮಾಡಿದ್ದರು.