ಕಿವಿ ಆಪರೇಷನ್ ಆದವರು ಮೂಗು ಜೋಪಾನ ಮಾಡಿಕೊಳ್ಳಿ

ಕಿವಿ ಆಪರೇಷನ್ ಆಗಿ ಮನೆಗೆ ಬಂದವರನ್ನು ನೋಡೋಕೆ ಬರುವವರೆಲ್ಲ ಕಿವಿಯ ಬಗ್ಗೆಯೇ ವಿಚಾರಿಸುತ್ತಾರೆ. ನಾನು ಮೊದಲು ಕೇಳುವುದು ಮೂಗಿನ ವಿಷಯ. ನೆಗಡಿ ಇದೆಯಾ? ಸೀನು ಬರ್ತಿದೆಯಾ? ಕಿವಿಯೊಳಗಿನ ತೂತಾದ ತಮಟೆಗೆ ತೇಪೆ ಹಾಕಿಸಿಕೊಂಡವರು ಮೊದಲ ಕೆಲವು ವಾರ ಮೂಗಿನ ಬಗ್ಗೆ ಬಹಳ ಎಚ್ಚರವಾಗಿರಬೇಕು.

ತಮಟೆ ಸುಮಾರು 9 ಮಿಲಿಮೀಟರ್ ಅಗಲದ ಪೊರೆ. ದಪ್ಪ 0.1 ಮಿಲಿಮೀಟರ್, ಅಷ್ಟೇ. ತೇಪೆಗೆ ಬೇಕಾದ ಚೂರನ್ನು ಸಾಮಾನ್ಯವಾಗಿ ಕಿವಿಯ ಮೇಲ್ಗಡೆ, ಅಗಿಯುವ ಸ್ನಾಯುವಿಗೆ ಹೊದಿಸಿದಂತಿರುವ ಪೊರೆಯಿಂದ ತೆಗೆಯುತ್ತಾರೆ. ಅದಕ್ಕೇ ಕೆಲವು ದಿನ ದವಡೆ ನೋಯುತ್ತದೆ. ಚಕ್ಕುಲಿ, ಕಡಲೆ ದೂರ ಇಡಿ. ಮುದ್ದೆ ತಿನ್ನಿ. ಅದನ್ನು ಅಗಿಯಬೇಕಿಲ್ಲ, ನುಂಗಿದರೆ ಸಾಕು.

ತೇಪೆಗೆ ಹೊಲಿಗೆ ಇರುವುದಿಲ್ಲ. ಕಿವಿಯ ಹಿಂದೆ ಕಾಣುವ ಹೊಲಿಗೆ ಬರೀ ಚರ್ಮದ್ದು. ಒಳಗಡೆ ತೇಪೆಯನ್ನು ಹಿಡಿದಿಟ್ಟಿರುವುದು ಜೆಲಾಟಿನ್ ಸ್ಪಂಜಿನ ಚೂರುಗಳು. ಅವು ಕೆಲವು ವಾರಗಳಲ್ಲಿ ತಾವಾಗೇ ಕರಗುತ್ತವೆ. ಅಷ್ಟರೊಳಗೆ ಪಕ್ಕದ ತಮಟೆಯಿಂದ ರಕ್ತನಾಳಗಳು ತೇಪೆಯೊಳಗೆ ಬೆಳೆಯಬೇಕು. ಶ್ರೀನಿವಾಸಪುರದ ಮಾವಿನ ತೋಟದವರಿಗೆ ಇದು ಬೇಗ ಅರ್ಥವಾಗುತ್ತದೆ. ಕಸಿ ಕಟ್ಟಿದ ಕಡ್ಡಿ ಅಲ್ಲಾಡಿದರೆ ಕೂಡಿಕೊಳ್ಳುವುದಿಲ್ಲ, ಅಲ್ವಾ?

ಇದನ್ನು ಅಲ್ಲಾಡಿಸುವುದು ಗಾಳಿ. ತಮಟೆಯ ಹಿಂದಿನ ಪುಟ್ಟ ಕೋಣೆಯಿಂದ ಮೂಗಿನ ಹಿಂಭಾಗಕ್ಕೆ ಒಂದು ಕೊಳವೆ ಇದೆ. ದೊಡ್ಡವರಲ್ಲಿ ಅದರ ಉದ್ದ ಮೂರೂವರೆ ಸೆಂಟಿಮೀಟರ್ ಆಸುಪಾಸು. 16ನೇ ಶತಮಾನದಲ್ಲಿ ಅದನ್ನು ವಿವರವಾಗಿ ಬರೆದವನು ಇಟಲಿಯ ಬಾರ್ಟೊಲೊಮಿಯೊ ಯೂಸ್ಟೇಕಿ. ಸುಮ್ನೆ ಇದ್ದಾಗ ಕೊಳವೆ ಮುಚ್ಚಿರುತ್ತದೆ. ನುಂಗಿದಾಗ, ಆಕಳಿಸಿದಾಗ ಅಂಗುಳಿನ ಸ್ನಾಯು ಎಳೆದು ಅದು ಕ್ಷಣಕಾಲ ತೆರೆದುಕೊಳ್ಳುತ್ತದೆ, ಎರಡೂ ಕಡೆಯ ಒತ್ತಡ ಸಮವಾಗುತ್ತದೆ. ಚಿಕ್ಕಬಳ್ಳಾಪುರದಿಂದ ನಂದಿಬೆಟ್ಟಕ್ಕೆ ಹತ್ತಿದರೆ, 1478 ಮೀಟರ್ ಎತ್ತರ ಮುಟ್ಟುವಷ್ಟರಲ್ಲಿ ಗಾಳಿಯ ಒತ್ತಡ ಶೇಕಡಾ 6ರಷ್ಟು ಇಳಿದಿರುತ್ತದೆ. ಕಿವಿ ಗಪ್ಪೆಂದು, ಎಂಜಲು ನುಂಗಿದ ಕೂಡಲೇ ಬಿಡುವುದು ಇದರಿಂದಲೇ.

ಮೂಗು ಒತ್ತಿ ಹಿಡಿದು ಜೋರಾಗಿ ಸೀಂಟಿದರೆ ಆಗುವುದು ಬೇರೆ. ಗಾಳಿ ಬಲವಂತವಾಗಿ ಕೊಳವೆಯೊಳಗೆ ನುಗ್ಗಿ ತಮಟೆಯನ್ನು ಒಳಗಿನಿಂದ ಹೊರಕ್ಕೆ ತಳ್ಳುತ್ತದೆ. ಬೊಲೋನ್ಯಾದ ವೈದ್ಯ ವಾಲ್ಸಾಲ್ವಾ 1704ರಲ್ಲಿ ಕಿವಿಯ ಬಗ್ಗೆ ಬರೆದ ಪುಸ್ತಕದಲ್ಲಿ ಇದನ್ನೇ ಚಿಕಿತ್ಸೆಯಾಗಿ ಹೇಳಿದ. ಬಾಯಿ, ಮೂಗು ಮುಚ್ಚಿ ಊದಿ, ಒಳಗಿನ ಕೀವು ಹೊರಗೆ ಬರುತ್ತದೆ ಅಂತ. ಕೀವನ್ನೇ ಹೊರಗೆ ತಳ್ಳುವ ಗಾಳಿ ಇನ್ನೂ ಅಂಟದ ತೇಪೆಯನ್ನು ಜರುಗಿಸದೆ ಬಿಡುತ್ತದಾ? ಹಾಗಾಗಿ ಮೂಗು ಸೀಂಟಬೇಡಿ, ನಿಧಾನವಾಗಿ ಒರೆಸಿಕೊಳ್ಳಿ. ಸೀನು ಬಂದರೆ ತಡೆಯಬೇಡಿ, ಬಾಯಿ ಅಗಲಿಸಿ ಸೀನಿ. ಭಾರ ಎತ್ತಬೇಡಿ, ತಿಣುಕಬೇಡಿ. ವಿಮಾನ, ಬೆಟ್ಟ ಎರಡೂ ಡಾಕ್ಟರ್ ಹೇಳುವವರೆಗೆ ಬೇಡ.

ಇನ್ನು ಬೆಳ್ಳುಳ್ಳಿ ಕಾಯಿಸಿದ ಎಣ್ಣೆ. ಈ ವಿಷಯಕ್ಕೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಆಪರೇಷನ್ ಆದ ಕಿವಿಗೂ ಎರಡು ತೊಟ್ಟು ಬಿಡಿ ಅನ್ನುವ ಅಜ್ಜಿಯರು, ಚಿಕ್ಕಮ್ಮಂದಿರು ನಮ್ಮ ಕಡೆ ಪ್ರತಿ ಬೀದಿಯಲ್ಲೂ ಇದ್ದಾರೆ. ಅವರದು ಪ್ರೀತಿಯೇ, ಆದರೆ ಆ ಎಣ್ಣೆ ಹಸಿ ಗಾಯವನ್ನು ಸುಡಬಹುದು, ಸೋಂಕು ತರಬಹುದು. ಕಿವಿಯನ್ನು ತೊಳೆಯುವ ಅಗತ್ಯವೂ ಇಲ್ಲ. ತಮಟೆಯ ಮೇಲಿನ ಚರ್ಮ ನಡುವಿನಿಂದ ಅಂಚಿಗೆ, ಅಂಚಿನಿಂದ ಹೊರಗೆ ದಿನಕ್ಕೆ ಸುಮಾರು 0.1 ಮಿಲಿಮೀಟರ್ ಸರಿಯುತ್ತಾ ಕೊಳೆಯನ್ನು ತಾನೇ ಹೊತ್ತು ತರುತ್ತದೆ. ಶಾಯಿಯ ಚುಕ್ಕೆ ಇಟ್ಟು ಇದನ್ನು ಅಳೆದಿದ್ದಾರೆ. ಡಾಕ್ಟರ್ ಬರೆದ ಡ್ರಾಪ್ಸ್ ಬಿಟ್ಟು ಏನೂ ಹಾಕಬೇಡಿ. ಸ್ನಾನ ಕತ್ತಿನಿಂದ ಕೆಳಗೆ ಮಾತ್ರ. ತಲೆಗೆ ನೀರು ಹಾಕಿಕೊಳ್ಳಲು ಡಾಕ್ಟರ್ ಒಪ್ಪಿದ ಮೇಲೂ ಕಿವಿಗೆ ವ್ಯಾಸಲಿನ್ ಸವರಿದ ಹತ್ತಿ ಇರಲಿ.

ಕೆಲವರಿಗೆ ನಾಲಿಗೆಯ ಒಂದು ಪಕ್ಕ ಕಬ್ಬಿಣ ಚೀಪಿದ ಹಾಗೆ ಆಗುತ್ತದೆ. ಮಾತ್ರೆಯಿಂದ ಉಷ್ಣ ಆಗಿದೆ ಅಂತ ಮನೆಯವರು ಮಾತ್ರೆಯನ್ನೇ ನಿಲ್ಲಿಸಿಬಿಡುತ್ತಾರೆ. ಅದು ಉಷ್ಣ ಅಲ್ಲ. ನಾಲಿಗೆಯ ರುಚಿ ಒಯ್ಯುವ ಒಂದು ನರ ತಮಟೆಯ ಹಿಂದೆಯೇ ಹಾದುಹೋಗುತ್ತದೆ. ಆಪರೇಷನ್‌ನಲ್ಲಿ ಅದು ಸ್ವಲ್ಪ ಎಳೆದಂತಾಗಿರುತ್ತದೆ. ಬಹಳಷ್ಟು ಜನರಲ್ಲಿ ಕೆಲವು ತಿಂಗಳಲ್ಲಿ ಸರಿಹೋಗುತ್ತದೆ.

ಮೊದಲ ದಿನಗಳಲ್ಲಿ ಸ್ವಲ್ಪ ಕೆಂಪು ನೀರು ಒಸರುವುದು, ಕಿವಿ ಮುಚ್ಚಿದ ಹಾಗಿರುವುದು, ಒಳಗೆ ಟಪ್ ಟಪ್ ಅನ್ನುವುದು ಮಾಮೂಲು. ಸ್ಪಂಜು ತುಂಬಿರುವಾಗ ಚೆನ್ನಾಗಿ ಕೇಳಿಸುವುದಿಲ್ಲ, ಆಪರೇಷನ್ ಹಾಳಾಯಿತು ಅಂತ ಅಳಬೇಡಿ. ಆದರೆ ಮುಖ ಒಂದು ಕಡೆ ಸೊಟ್ಟಗಾದರೆ, ನಿಲ್ಲಲಾರದಷ್ಟು ತಲೆ ತಿರುಗಿದರೆ, ಜ್ವರ ಏರಿದರೆ, ನಾತ ಬರುವ ಕೀವು ಸುರಿದರೆ ಚೆಕಪ್ ತಾರೀಕಿಗೆ ಕಾಯಬೇಡಿ. ರಾತ್ರಿಯೇ ಆಗಲಿ, ಆಸ್ಪತ್ರೆಗೆ ಹೊರಡಿ.