ಕಣದ ಲೆಕ್ಕ ಪರದೆಗೆ ಬಂದಾಗ: ಕಾಫಿ ತೋಟದ ಡ್ಯಾಶ್‌ಬೋರ್ಡ್

ರೊಬಸ್ಟಾ ಬಗೆಯ ಕಾಫಿಯ ಚೆರ್ರಿಗೆ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಹಣ್ಣಿಗೆ, ಇವತ್ತು ಎಷ್ಟು ಎಂದು ಕೊಡಗಿನಲ್ಲಿ ಕೇಳಿದರೆ ಎರಡು ಬಗೆಯ ಉತ್ತರ ಸಿಗುತ್ತದೆ. 50 ಕೆ.ಜಿ. ಚೀಲಕ್ಕೆ ಇಷ್ಟು ಎನ್ನುವುದು ಒಂದು, ಔಟ್‌ಟರ್ನಿನ ಪಾಯಿಂಟಿಗೆ ಇಷ್ಟು ಎನ್ನುವುದು ಇನ್ನೊಂದು. 50 ಕೆ.ಜಿ. ಒಣ ಚೆರ್ರಿಯ ಸಿಪ್ಪೆ ತೆಗೆದಾಗ ಉಳಿಯುವ ಬೀಜದ ತೂಕವೇ ಔಟ್‌ಟರ್ನ್. 26 ಕೆ.ಜಿ. ಬೀಜ ಬಂದರೆ 26 ಪಾಯಿಂಟ್. ಲೆಕ್ಕಕ್ಕೆ ಪಾಯಿಂಟಿಗೆ 380 ರೂ. ಎಂದಿಟ್ಟುಕೊಂಡರೆ 26ರ ಚೀಲಕ್ಕೆ 9,880 ರೂ., 28ರ ಚೀಲಕ್ಕೆ 10,640 ರೂ. ಇನ್ನೂರು ಚೀಲ ಇದ್ದರೆ ಈ ಎರಡು ಪಾಯಿಂಟಿನ ಬೆಲೆ 1,52,000 ರೂ.

ಫೋನಿನಲ್ಲಿ ಬಣ್ಣಬಣ್ಣದ ಗ್ರಾಫ್ ಇಟ್ಟುಕೊಂಡ ಬೆಳೆಗಾರರು ಈಗ ಕಡಿಮೆಯಿಲ್ಲ. ಅದರಲ್ಲಿ ಮಾರುಕಟ್ಟೆಯ ಗೆರೆ ದಿನವೂ ಏರಿಳಿಯುತ್ತದೆ, ತಮ್ಮ ಕಣದ ಕಾಫಿಯ ಔಟ್‌ಟರ್ನ್ ಮಾತ್ರ ಎಲ್ಲೂ ಇರುವುದಿಲ್ಲ. ಮಾಡಬೇಕಾದ ತೀರ್ಮಾನವೋ, ಈ ವಾರ ಗೋದಾಮಿನ ಯಾವ ಲಾಟನ್ನು, ಅಂದರೆ ಯಾವ ಚೀಲಗಳ ಗುಂಪನ್ನು, ಯಾರಿಗೆ ಕೊಡಬೇಕು ಎಂಬುದು. ಅದಕ್ಕೆ ಬೇಕಾಗಿರುವುದು ಲಾಟ್‌ವಾರು ಔಟ್‌ಟರ್ನ್, ಅದನ್ನು ಇವತ್ತಿನ ಪಾಯಿಂಟ್ ದರದಿಂದ ಗುಣಿಸಿದ ಮೊತ್ತ, ಮತ್ತು ವ್ಯಾಪಾರಿ ಹೇಳಿದ ಚೀಲದ ಬೆಲೆ. ಮೂರು ಕಾಲಂ, ಒಂದು ಬಾರ್ ಗ್ರಾಫ್, ಅಷ್ಟೇ. ಸ್ಯಾಂಪಲ್ಲನ್ನು ಮೇಲಿನ ಒಂದು ಚೀಲದಿಂದ ತೆಗೆಯದೆ, ಲಾಟಿನ ಬೇರೆ ಬೇರೆ ಕಡೆಯ ಚೀಲಗಳಿಂದ ತೆಗೆದು ಬೆರೆಸಿ ಸಿಪ್ಪೆ ತೆಗೆಸಬೇಕು. ಇಲ್ಲದಿದ್ದರೆ ಗ್ರಾಫು ನಿಖರವಾಗಿ ಸುಳ್ಳು ಹೇಳುತ್ತದೆ.

ಮುಖ್ಯ ಅಂಕಿಗಳನ್ನು ಒಂದೇ ಪರದೆಯಲ್ಲಿ, ಒಂದೇ ನೋಟಕ್ಕೆ ಸಿಗುವಂತೆ ಚಿತ್ರವಾಗಿ ಜೋಡಿಸಿಟ್ಟರೆ ಅದು ಡ್ಯಾಶ್‌ಬೋರ್ಡ್. ಅದರಲ್ಲಿ ಒಂದೊಂದು ಅಂಕಿಗೆ ಅಥವಾ ಗ್ರಾಫಿಗೆ ಒಂದೊಂದು ಚೌಕ. ಯಾವ ಚೌಕ ಇರಬೇಕು, ಯಾವುದು ಬೇಡ ಎಂದು ನಿರ್ಧರಿಸಲು ಒಂದು ಪ್ರಶ್ನೆ ಸಾಕು: ಈ ಅಂಕಿ ನಾಳೆ ಏರಿದರೆ ಏನು ಮಾಡುತ್ತೀರಿ, ಇಳಿದರೆ ಏನು ಮಾಡುತ್ತೀರಿ? ಎರಡಕ್ಕೂ ಉತ್ತರ ಒಂದೇ ಆದರೆ ಆ ಚೌಕವನ್ನು ತೆಗೆದುಹಾಕಿ. ಹೀಗೆ ಜಾಲಾಡಿದಾಗ ಹದಿನೈದು ಚೌಕಗಳಲ್ಲಿ ನಾಲ್ಕೈದು ಉಳಿದರೆ ಹೆಚ್ಚು.

ಚಿತ್ರ ಬರೆಯುವುದು ಸುಲಭ. ಗೂಗಲ್ ಶೀಟ್ಸ್, ಲುಕರ್ ಸ್ಟುಡಿಯೋ, ಎಕ್ಸೆಲ್‌ನ ಪಿವಟ್ ಟೇಬಲ್, ಪವರ್ ಬಿಐ, ಯಾವುದಾದರೂ ಆದೀತು. ಹೆಣಗಾಟವಿರುವುದು ಅದರ ಕೆಳಗಿನ ಪದರದಲ್ಲಿ, ಅಂದರೆ ತೋಟದ ಲೆಕ್ಕ ಬರೆಯುವ ರೈಟರ ಪುಸ್ತಕ ಕಂಪ್ಯೂಟರಿನ ಪಟ್ಟಿಯಾಗುವ ಜಾಗದಲ್ಲಿ. ತಿಂಗಳಿಗೊಂದು ಹಾಳೆ, ಅಡ್ಡಕ್ಕೆ 31 ದಿನ, ಉದ್ದಕ್ಕೆ ಆಳಿನ ಹೆಸರು, ಮಧ್ಯೆ ಸೇರಿಸಿಬಿಟ್ಟ ಖಾನೆಗಳು: ಕಾಗದದ ಮೇಲೆ ಇದು ಅಂದವಾಗಿದೆ, ಯಂತ್ರಕ್ಕೆ ಮಾತ್ರ ಒಗಟು. ಪಟ್ಟಿಯಲ್ಲಿ ಒಂದು ಸಾಲಿಗೆ ಒಂದೇ ಘಟನೆ ಇರಬೇಕು. ದಿನಾಂಕ, ಬ್ಲಾಕ್ (ತೋಟದ ಒಂದು ಭಾಗ), ಆಳಿನ ನಂಬರ್, ಕೊಯ್ದ ಹಣ್ಣಿನ ಕೆ.ಜಿ., ತೂಕ ಹಾಕಿದವರು. ಸಂಜೆ ತೂಕದ ಹೊತ್ತಿಗೆ ಫೋನಿನ ಫಾರ್ಮಿನಲ್ಲಿ ತುಂಬಿದರೆ ಸಾಕು. ಬ್ಲಾಕಿನ ಹೆಸರನ್ನು ಟೈಪ್ ಮಾಡಲು ಬಿಡದೆ ಪಟ್ಟಿಯಿಂದ ಆರಿಸುವಂತೆ ಮಾಡಿ. ‘ಹೊಳೆ ಬ್ಲಾಕ್’, ‘ಹೊಳೆಬ್ಲಾಕ್’, ‘ಹೊಳೆಪಕ್ಕ’ ಮೂರನ್ನೂ ಯಂತ್ರ ಮೂರು ತೋಟವೆಂದೇ ಎಣಿಸುತ್ತದೆ.

ದಿನಾಂಕದ ತೊಂದರೆ ಇನ್ನೂ ಕಪಟಿ. 03/12 ಎಂದು ಬರೆದದ್ದು ನಮಗೆ ಡಿಸೆಂಬರ್ 3. ಶೀಟಿನ ಲೊಕೇಲ್, ಅಂದರೆ ಯಾವ ದೇಶದ ಕ್ರಮ ಎಂಬ ಸೆಟ್ಟಿಂಗ್, ಅಮೆರಿಕ ಎಂದಿದ್ದರೆ ಅದು ಮಾರ್ಚ್ 12 ಆಗುತ್ತದೆ. 25/12 ಎಂದು ಬರೆದಾಗ 25ನೇ ತಿಂಗಳು ಇಲ್ಲದ ಕಾರಣ ತಪ್ಪು ಸಿಕ್ಕಿಬೀಳುತ್ತದೆ. 12ರ ಒಳಗಿನ ತಾರೀಖುಗಳು ಮಾತ್ರ ಸದ್ದಿಲ್ಲದೆ ಅದಲುಬದಲಾಗುತ್ತವೆ. ಡಿಸೆಂಬರೂ ಮಾರ್ಚೂ ಕೊಯ್ಲಿನ ಕಾಲವೇ ಆದ್ದರಿಂದ ಗ್ರಾಫ್ ನೋಡಿದವರಿಗೆ ಅನುಮಾನವೂ ಬರುವುದಿಲ್ಲ. ಮೊದಲ ದಿನವೇ ಸೆಟ್ಟಿಂಗ್ಸ್‌ನಲ್ಲಿ ಲೊಕೇಲನ್ನು ಭಾರತ ಎಂದು ಬದಲಿಸಿಬಿಡಬೇಕು.

ಖಾಲಿ ಖಾನೆಯೂ ಸೊನ್ನೆಯೂ ಒಂದೇ ಅಲ್ಲ. ಸಂತೆ ದಿನ ಕೊಯ್ಲೇ ಇಲ್ಲ, ಆ ಖಾನೆ ಖಾಲಿ. ಕೊಯ್ಲಿಗೆ ಹೋಗಿಯೂ ಮಳೆಗೆ ವಾಪಸ್ ಬಂದ ದಿನ ಸೊನ್ನೆ. ಖಾಲಿಯನ್ನೆಲ್ಲ ಸೊನ್ನೆ ಮಾಡಿದರೆ ವಾರದ ಸರಾಸರಿ ಏಳರಲ್ಲಿ ಒಂದು ಪಾಲು ಕುಸಿದು, ಮೇಸ್ತ್ರಿಗೆ ಸುಮ್ಮನೆ ಬೈಗುಳ.

ಎಲ್ಲಕ್ಕಿಂತ ದೊಡ್ಡ ಗೊಂದಲ ವರ್ಷದ್ದು. ಆಡಿಟರಿಗೆ ವರ್ಷವೆಂದರೆ ಏಪ್ರಿಲ್‌ನಿಂದ ಮಾರ್ಚ್. ಕಾಫಿಗೆ ಹಾಗಲ್ಲ. 2024ರ ಮೇ ತಿಂಗಳಲ್ಲಿ ಹಾಕಿದ ಗೊಬ್ಬರ 2025ರ ಜನವರಿಯಲ್ಲಿ ಕೊಯ್ದ ಹಣ್ಣಿಗೆ ಸೇರಿದ್ದು. ಆ ಚೆರ್ರಿ ಬೆಲೆ ಕಾದು ಆಗಸ್ಟಿನಲ್ಲಿ ಮಾರಾಟವಾದರೆ ಹಣ ಬರುವುದು ಮುಂದಿನ ಹಣಕಾಸು ವರ್ಷದಲ್ಲಿ. ಹಣಕಾಸು ವರ್ಷದ ಖರ್ಚನ್ನು ಅದೇ ವರ್ಷದ ಮಾರಾಟದಿಂದ ಭಾಗಿಸಿ ‘ಕೆ.ಜಿ.ಗೆ ತಗಲಿದ ವೆಚ್ಚ’ ಎಂದು ತೋರಿಸುವ ಚೌಕ, ಒಂದು ಫಸಲಿನ ಖರ್ಚನ್ನು ಇನ್ನೊಂದು ಫಸಲಿನ ಮೇಲೆ ಹೇರುತ್ತದೆ. ಪರಿಹಾರ ಸರಳ: ಪ್ರತಿ ಖರ್ಚಿನ ಸಾಲಿಗೂ ಪ್ರತಿ ಮಾರಾಟದ ಸಾಲಿಗೂ ‘ಫಸಲು ವರ್ಷ’ ಎಂಬ ಒಂದು ಕಾಲಂ. 2024–25 ಎಂದು ಅಲ್ಲಿ ಬರೆದುಬಿಟ್ಟರೆ ದುಡ್ಡು ಯಾವಾಗ ಬಂದರೂ ಲೆಕ್ಕ ತನ್ನ ಜಾಗಕ್ಕೆ ಹೋಗಿ ಕೂರುತ್ತದೆ. ಕಾಫಿ ಗಿಡ ಒಂದು ವರ್ಷ ಮೈತುಂಬಾ ಬಿಟ್ಟರೆ ಮರುವರ್ಷ ಸುಸ್ತಾಗಿ ಕಡಿಮೆ ಬಿಡುವುದುಂಟು. ಹಾಗಾಗಿ ‘ಕಳೆದ ವರ್ಷಕ್ಕಿಂತ ಇಷ್ಟು ಕಡಿಮೆ’ ಎನ್ನುವ ಕೆಂಪು ಬಾಣಕ್ಕಿಂತ ನಾಲ್ಕು ವರ್ಷದ ಸರಾಸರಿಯೊಂದಿಗೆ ಹೋಲಿಸುವುದು ಪ್ರಾಮಾಣಿಕ.

ಇನ್ನು ಅಳತೆಗಳು. ಇಲ್ಲಿ ಮಳೆ ಇಂಚು-ಸೆಂಟ್‌ನಲ್ಲಿ, ಹವಾಮಾನ ಇಲಾಖೆಯದು ಮಿಲಿಮೀಟರ್‌ನಲ್ಲಿ. ಒಂದು ಇಂಚಿಗೆ 100 ಸೆಂಟ್, ಅಂದರೆ 25.4 ಮಿ.ಮೀ. ಲಂಡನ್ ಪೇಟೆಯ ರೊಬಸ್ಟಾ ಟನ್ನಿಗೆ ಡಾಲರ್ ಲೆಕ್ಕ, ಕಾಫಿಯ ಇನ್ನೊಂದು ಬಗೆಯಾದ ಅರೇಬಿಕಾ ನ್ಯೂಯಾರ್ಕಿನಲ್ಲಿ ಪೌಂಡ್ ತೂಕಕ್ಕೆ ಸೆಂಟ್ (ಡಾಲರಿನ ನೂರನೇ ಒಂದು ಭಾಗ) ಲೆಕ್ಕ. ಡಾಲರಿಗೆ 85 ರೂ. ಎಂದುಕೊಂಡರೆ ಲಂಡನ್ನಿನ 4,000 ಡಾಲರ್ ಕೆ.ಜಿ. ಬೀಜಕ್ಕೆ 340 ರೂ. ಆಗುತ್ತದೆ, ನ್ಯೂಯಾರ್ಕಿನ 300 ಸೆಂಟ್, ಪೌಂಡಿಗೆ 0.4536 ಕೆ.ಜಿ.ಯಂತೆ, ಸುಮಾರು 562 ರೂ. ಎಲ್ಲವನ್ನೂ ಒಂದೇ ಅಳತೆಗೆ, ಅಂದರೆ ಕೆ.ಜಿ. ಬೀಜಕ್ಕೆ ಎಷ್ಟು ರೂಪಾಯಿ ಎಂಬುದಕ್ಕೆ, ತಂದ ಮೇಲೆಯೇ ಗ್ರಾಫ್ ಬರೆಯಬೇಕು. ಡಾಲರ್ ದರವನ್ನು ಸೂತ್ರದೊಳಗೆ ಹುದುಗಿಸದೆ ಬೇರೆ ಖಾನೆಯಲ್ಲಿಡಿ. ಇಲ್ಲವಾದರೆ ರೂಪಾಯಿ ಇಳಿದದ್ದೂ ಕಾಫಿ ಏರಿದ್ದೂ ಒಂದೇ ಗೆರೆಯಲ್ಲಿ ಕಲಸಿಹೋಗುತ್ತವೆ.

ದಾಸ್ತಾನಿನ ಚೌಕ ಜಗಳ ತರುವುದೂ ಇಂಥದ್ದೇ ಕಾರಣಕ್ಕೆ. ರೊಬಸ್ಟಾ ಚೆರ್ರಿಯನ್ನು ಸುಮಾರು ಶೇ 11ರ ತೇವಾಂಶಕ್ಕೆ ಒಣಗಿಸಬೇಕು. ಶೇ 15 ಇರುವಾಗ ತೂಗಿದ 1,000 ಕೆ.ಜಿ.ಯಲ್ಲಿ ಒಣ ಪದಾರ್ಥ 850 ಕೆ.ಜಿ.; ಅದನ್ನು 0.89ರಿಂದ ಭಾಗಿಸಿದರೆ 955 ಕೆ.ಜಿ. ಕಡಿಮೆ ಬಿದ್ದ 45 ಕೆ.ಜಿ. ಹೋದದ್ದು ಗಾಳಿಗೆ. ತೇವಾಂಶದ ಕಾಲಂ ಇಲ್ಲದ ಡ್ಯಾಶ್‌ಬೋರ್ಡ್ ಅದನ್ನು ಕೊರತೆ ಎಂದು ತೋರಿಸುತ್ತದೆ, ಗೋದಾಮಿನವರ ಮೇಲೆ ಕಣ್ಣು ಬೀಳುತ್ತದೆ. ಪ್ರತಿ ತೂಕದ ಪಕ್ಕ ಮೀಟರಿನ ತೇವಾಂಶ ಬರೆದು, ದಾಸ್ತಾನನ್ನು ಶೇ 11ಕ್ಕೆ ಸರಿಹೊಂದಿಸಿದ ತೂಕದಲ್ಲೇ ತೋರಿಸಿದರೆ ನಿಜವಾದ ಕಳವೂ ಆಗ ಎದ್ದು ಕಾಣುತ್ತದೆ.

ಈಗ ಚಿತ್ರಕ್ಕೆ ಬರೋಣ. ವ್ಯಾಪಾರದ ಅಂಕಿಗಳನ್ನು ಗೆರೆ ಮತ್ತು ಬಾರ್ ಗ್ರಾಫ್‌ಗಳಾಗಿ ಮುದ್ರಿಸಿದ ಮೊದಲಿಗ ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್, 1786ರಲ್ಲಿ. ಪೈ ಚಾರ್ಟ್ ಕೂಡ ಅವನದೇ, 1801ರದು. ಕಣ್ಣು ಇವುಗಳಲ್ಲಿ ಯಾವುದನ್ನು ಸರಿಯಾಗಿ ಓದುತ್ತದೆ ಎಂದು ಪ್ರಯೋಗ ಮಾಡಿ ನೋಡಿದವರು ವಿಲಿಯಂ ಕ್ಲೀವ್‌ಲ್ಯಾಂಡ್ ಮತ್ತು ರಾಬರ್ಟ್ ಮೆಕ್‌ಗಿಲ್. 1984ರಲ್ಲಿ ಅವರು ಪ್ರಕಟಿಸಿದ ಫಲಿತಾಂಶದ ಪ್ರಕಾರ ಒಂದೇ ಅಳತೆಗೋಲಿನ ಮೇಲಿನ ಸ್ಥಾನವನ್ನು ನಾವು ಅತ್ಯಂತ ನಿಖರವಾಗಿ ಹೋಲಿಸುತ್ತೇವೆ. ಉದ್ದ, ಕೋನಗಳಲ್ಲಿ ತಪ್ಪು ಹೆಚ್ಚು. ಆರು ಬ್ಲಾಕಿನ ಇಳುವರಿಯನ್ನು ಪೈ ಚಾರ್ಟಿನಲ್ಲಿ ಇಟ್ಟರೆ ಶೇ 17 ಯಾವುದು, ಶೇ 19 ಯಾವುದು ಎಂದು ತಡಕಾಡಬೇಕು. ಅಡ್ಡ ಬಾರ್‌ಗಳಲ್ಲಿ ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿದರೆ ಆ ತಾಪತ್ರಯವಿಲ್ಲ, ಕನ್ನಡದ ಉದ್ದ ಹೆಸರುಗಳೂ ಓರೆಯಾಗದೆ ಕೂರುತ್ತವೆ. ಎಕರೆಗೆ ಎಷ್ಟು ಎಂದೇ ತೋರಿಸಬೇಕು. ದೊಡ್ಡ ಬ್ಲಾಕಿನಲ್ಲಿ ಹೆಚ್ಚು ಕಾಫಿ ಬರುತ್ತದೆ ಎಂದು ತಿಳಿಯಲು ಕಂಪ್ಯೂಟರ್ ಬೇಕಿಲ್ಲ. ಬಾರ್‌ಗಳು ಸೊನ್ನೆಯಿಂದ ಏಳಬೇಕು. ಗೆರೆಗೆ ಈ ಕಟ್ಟುನಿಟ್ಟಿಲ್ಲ. ಎಡಕ್ಕೊಂದು ಬಲಕ್ಕೊಂದು ಅಳತೆಗೋಲಿಟ್ಟು ಮಳೆ ಮತ್ತು ಬೆಲೆಯನ್ನು ಒಂದೇ ಚಿತ್ರದಲ್ಲಿ ತುರುಕುವುದಂತೂ ಬೇಡವೇ ಬೇಡ. ಗೋಲುಗಳನ್ನು ಹಿಗ್ಗಿಸಿ ಕುಗ್ಗಿಸಿ ಯಾವ ಎರಡು ಗೆರೆಗಳನ್ನಾದರೂ ಅಣ್ಣತಮ್ಮಂದಿರಂತೆ ಕಾಣಿಸಬಹುದು. ಕೆಂಪು-ಹಸಿರು ಭೇದ ಕಾಣದ ಗಂಡಸರು ಅಪರೂಪವಲ್ಲವಾದ್ದರಿಂದ ನೀಲಿ-ಕಿತ್ತಳೆ ವಾಸಿ.

ಏರಿಳಿತ ಕಂಡ ಕೂಡಲೇ ಕಾರಣ ಹುಡುಕುವ ಚಟಕ್ಕೆ ಮದ್ದು ನೂರು ವರ್ಷ ಹಳೆಯದು. 1924ರಲ್ಲಿ ಅಮೆರಿಕದ ವಾಲ್ಟರ್ ಶೂಹಾರ್ಟ್ ಕಾರ್ಖಾನೆಯ ಗುಣಮಟ್ಟ ನೋಡಲು ನಿಯಂತ್ರಣ ಪಟ್ಟಿ ಎಂಬ ಗ್ರಾಫ್ ರೂಪಿಸಿದರು. ಸಹಜ ಏರಿಳಿತಕ್ಕೆ ಮೇಲೊಂದು ಕೆಳಗೊಂದು ಗಡಿ ಎಳೆದು, ಅದರಾಚೆ ಹೋದದ್ದನ್ನು ಮಾತ್ರ ವಿಚಾರಿಸುವುದು ಅದರ ತತ್ವ. ಒಬ್ಬ ಆಳು ದಿನಕ್ಕೆ ಕೊಯ್ಯುವ ಹಣ್ಣಿನ ಸರಾಸರಿ ಎಂಟು ದಿನ ಹೀಗಿದೆ ಎನ್ನಿ: 92, 88, 97, 85, 94, 90, 99, 87 ಕೆ.ಜಿ. ಒಟ್ಟು ಸರಾಸರಿ 91.5. ಒಂದು ದಿನಕ್ಕೂ ಮರುದಿನಕ್ಕೂ ಇರುವ ವ್ಯತ್ಯಾಸಗಳು 4, 9, 12, 9, 4, 9, 12; ಅವುಗಳ ಸರಾಸರಿ 8.43. ಅದನ್ನು ಈ ಬಗೆಯ ಗ್ರಾಫಿಗೆ ಗೊತ್ತುಮಾಡಿದ ಸ್ಥಿರಾಂಕ 2.66ರಿಂದ ಗುಣಿಸಿದರೆ 22.4. ಅದನ್ನು 91.5ರಿಂದ ಕಳೆದು, 91.5ಕ್ಕೆ ಕೂಡಿದರೆ ಗಡಿಗಳು ಸುಮಾರು 69 ಮತ್ತು 114. ನಾಳೆ 80 ಬಂದರೆ ಸುಮ್ಮನಿರಿ, ಅದು ದಿನನಿತ್ಯದ ಹೊಯ್ದಾಟ. 66 ಬಂದರೆ ತೋಟಕ್ಕೆ ಹೋಗಿ ನೋಡಿ: ಹಣ್ಣು ಕಡಿಮೆ ಇರುವ ಬ್ಲಾಕಿಗೆ ಇಳಿದಿದ್ದಾರೋ, ಹೊಸ ತಂಡ ಬಂದಿದೆಯೋ, ತಕ್ಕಡಿಯೇ ಕೆಟ್ಟಿದೆಯೋ. ಈ ಗಡಿಗಳನ್ನು ಅರೇಬಿಕಾಕ್ಕೂ ರೊಬಸ್ಟಾಕ್ಕೂ ಬೇರೆ ಬೇರೆ ಲೆಕ್ಕ ಹಾಕಬೇಕು. ಕೊಯ್ಲಿನ ಕೊನೆಗೆ ಗಿಡದಲ್ಲಿ ಹಣ್ಣು ತೆಳುವಾದ ಮೇಲೆ ಹಳೆಯ ಗಡಿ ನಡೆಯುವುದಿಲ್ಲ.

ಡ್ಯಾಶ್‌ಬೋರ್ಡ್ ತನ್ನ ಬೆಲೆಯನ್ನು ಒಂದೇ ದಿನದಲ್ಲಿ ವಸೂಲಿ ಮಾಡಿಕೊಡುವುದು ಹೂಮಳೆಯ ಹೊತ್ತಿಗೆ. ಫೆಬ್ರವರಿ-ಮಾರ್ಚ್‌ನಲ್ಲಿ ರೊಬಸ್ಟಾದ ಮೊಗ್ಗು ಕಾದು ನಿಂತಿರುತ್ತದೆ. ಒಂದು ಇಂಚಿಗೂ ಹೆಚ್ಚು ನೀರು ಸಿಕ್ಕರೆ ಎಂಟು-ಹತ್ತು ದಿನಕ್ಕೆ ಹೂ ಬಿರಿಯುತ್ತದೆ, ಅರೆಬರೆ ಮಳೆಯಾದರೆ ಮೊಗ್ಗು ಅರ್ಧಕ್ಕೇ ನಿಂತು ಕರಟುತ್ತದೆ. ಜಿಲ್ಲೆಯ ಸರಾಸರಿ ಮಳೆ ಇಲ್ಲಿ ಯಾವ ಪ್ರಯೋಜನಕ್ಕೂ ಇಲ್ಲ. ಭಾಗಮಂಡಲದ ಮಳೆಗೂ ಕುಶಾಲನಗರದ ಮಳೆಗೂ ಅಜಗಜಾಂತರ. ಬೇಸಿಗೆಯ ಮಳೆಯಂತೂ ರಸ್ತೆಯ ಈಚೆ ಸುರಿದು ಆಚೆ ಬಿಡುತ್ತದೆ. ಆದ್ದರಿಂದ ಬ್ಲಾಕಿಗೊಂದು ಮಳೆಮಾಪಕ, ಬೆಳಿಗ್ಗೆ ಓದಿ ಬರೆದ ಅಂಕಿ. ಹೊಳೆ ಬ್ಲಾಕಿಗೆ 60 ಸೆಂಟ್ ಬಿದ್ದಿದೆ, ಗುರಿ 1 ಇಂಚು 50 ಸೆಂಟ್ ಎನ್ನಿ. 90 ಸೆಂಟ್ ಕೊರತೆ. ಎಕರೆಗೆ ಒಂದು ಇಂಚು ನೀರೆಂದರೆ ಸುಮಾರು 1.03 ಲಕ್ಷ ಲೀಟರ್. 90 ಸೆಂಟಿಗೆ ಸುಮಾರು 92,500 ಲೀಟರ್. ಕೆರೆಯಲ್ಲಿ 5 ಲಕ್ಷ ಲೀಟರ್ ಇದ್ದರೆ ಸ್ಪ್ರಿಂಕ್ಲರ್ ಐದು ಎಕರೆಗೆ ಸಾಕು, ಹತ್ತಕ್ಕೆ ಸಾಲದು. ಹತ್ತಕ್ಕೂ ಅರ್ಧರ್ಧ ಹಾಯಿಸುವುದಕ್ಕಿಂತ ಐದಕ್ಕೆ ಪೂರ್ತಿ ಹಾಯಿಸುವುದೇ ಸರಿ. ಪರದೆಯಲ್ಲಿ ಬೇಕಾದದ್ದು ಬ್ಲಾಕ್‌ವಾರು ಕೊರತೆ, ಕೆರೆಯ ನೀರು, ಮಳೆ ಬಿದ್ದು ಎಷ್ಟು ದಿನವಾಯಿತು ಎಂಬ ಮೂರು ಅಂಕಿ. ಮೂರನೆಯದು ಬ್ಯಾಕಿಂಗ್ ಮಳೆಗೂ ಬೇಕು. ಹೂವಾದ ಎರಡು-ಮೂರು ವಾರಕ್ಕೆ ಮತ್ತೆ ನೀರು ಸಿಗದಿದ್ದರೆ ಕಟ್ಟಿದ ಕಾಯಿ ಉದುರುತ್ತದೆ.

ತೋಟದ ಜೊತೆ ಹೋಂಸ್ಟೇ ಇಟ್ಟವರ ಪರದೆಯಲ್ಲಿ ಮೊದಲು ಕಾಣುವುದು ಕೊಠಡಿ ಭರ್ತಿಯ ಮುಳ್ಳು. ಆರು ಕೊಠಡಿ, 30 ದಿನ, ಒಟ್ಟು 180 ರಾತ್ರಿ. 3,000 ರೂ.ಗೆ 72 ರಾತ್ರಿ ಹೋದರೆ ಭರ್ತಿ ಶೇ 40, ಹಣ 2,16,000 ರೂ. ಮಳೆಗಾಲದ ರಿಯಾಯಿತಿ ಎಂದು 2,400 ರೂ.ಗೆ ಇಳಿಸಿ 90 ರಾತ್ರಿ ಹೋದರೆ ಭರ್ತಿ ಶೇ 50. ಮುಳ್ಳು ಹಸಿರಿಗೆ ಏರಿತು, ಹಣ ಮಾತ್ರ ಅದೇ 2,16,000 ರೂ. ಹೆಚ್ಚಾದದ್ದು 18 ರಾತ್ರಿಗಳ ತಿಂಡಿ, ಲಾಂಡ್ರಿ, ಬಿಸಿನೀರಿನ ಸೌದೆ. ಮುಳ್ಳಿನ ಬದಲು, ಲಭ್ಯ ಇದ್ದ ಪ್ರತಿ ಕೊಠಡಿ-ರಾತ್ರಿಗೆ ಖರ್ಚು ಕಳೆದು ಉಳಿದದ್ದೆಷ್ಟು ಎಂದು ತೋರಿಸಿ. ಹೋಲಿಕೆಯನ್ನು ಹಿಂದಿನ ವಾರದೊಂದಿಗೆ ಮಾಡಬೇಡಿ, ಹೋದ ವರ್ಷದ ಅದೇ ವಾರದೊಂದಿಗೆ ಮಾಡಿ. ದಸರಾ ಪಂಚಾಂಗ ನೋಡಿಕೊಂಡು ಬರುವುದರಿಂದ ಆ ವಾರಕ್ಕೆ ಮಾತ್ರ ತಾರೀಖು ಬಿಟ್ಟು ಹಬ್ಬವನ್ನೇ ಹಬ್ಬದೊಂದಿಗೆ ಹೊಂದಿಸಬೇಕು.

ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಕೈಕೊಡುವ ಊರುಗಳಿವು. ಅಂಕಿ ಬರುವುದು ನಿಂತರೂ ಗ್ರಾಫ್ ಹಳೆಯದನ್ನೇ ಹೊಸದರಂತೆ ತೋರಿಸುತ್ತಾ ಕೂರುತ್ತದೆ. ಪ್ರತಿ ಚೌಕದ ಮೂಲೆಯಲ್ಲಿ ಕೊನೆಯ ಸಾಲು ಬಂದ ದಿನಾಂಕ ಕಾಣಬೇಕು, ಎರಡು ದಿನ ದಾಟಿದರೆ ಚೌಕ ತಾನಾಗಿ ಬೂದು ಬಣ್ಣಕ್ಕೆ ತಿರುಗಬೇಕು. ಶೀಟ್ಸ್‌ನಲ್ಲಿ ಇದಕ್ಕೆ ಕಂಡೀಷನಲ್ ಫಾರ್ಮ್ಯಾಟಿಂಗ್‌ನ ಒಂದು ನಿಯಮ ಸಾಕು: ಇವತ್ತಿನ ದಿನಾಂಕದಿಂದ ಕೊನೆಯ ದಿನಾಂಕ ಕಳೆದು, ಉತ್ತರ 2ಕ್ಕಿಂತ ಹೆಚ್ಚೋ ನೋಡುವುದು. ರೈಟರ ಕಾಗದದ ಪುಸ್ತಕವನ್ನು ಮಾತ್ರ ನಿಲ್ಲಿಸಬೇಡಿ. ಲೈನ್ ಬಂದ ಮೇಲೆ ಅದರಿಂದಲೇ ಬಿಟ್ಟುಹೋದ ಸಾಲುಗಳನ್ನು ತುಂಬಬೇಕು, ನಮೂದಿಸಿದ ದಿನವನ್ನಲ್ಲ, ಕೊಯ್ದ ದಿನವನ್ನು ಬರೆದು.